ಖಿರೋದಾ ದಾಸಿಯ ಹಿತ್ತಾಳೆ ತಟ್ಟೆ

೨೦೦೫ನೆಯ ಇಸವಿ. ಉತ್ತರ ಕೋಲ್ಕತ್ತದ ಒಂದು ಗಲ್ಲಿಯಲ್ಲಿದ್ದ ಹಳೆಯ ವಿಜ್ಞಾನ ಸಭೆಯ ಗ್ಯಾಲರಿಯಲ್ಲಿ ನಾನು ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಅಂದರೆ ಬಂದವರ ಎದುರು ಪ್ರಯೋಗ ಮಾಡಿ ತೋರಿಸುವವಳು. ವಾರಕ್ಕೆ ಮೂರು ಮಧ್ಯಾಹ್ನ ಈ ಕೆಲಸ. ಮಿಕ್ಕ ನಾಲ್ಕು ದಿನಗಳಲ್ಲೂ, ಆ ಮೂರು ದಿನಗಳ ಬೆಳಿಗ್ಗೆ ಸಂಜೆಗಳಲ್ಲೂ ನಾನು ಗೃಹಿಣಿ. ರೇಷನ್ ಕಾರ್ಡಿನಲ್ಲಿ, ಬ್ಯಾಂಕಿನಲ್ಲಿ, ಮಗಳ ಶಾಲೆಯಲ್ಲಿ ಎಲ್ಲ ಕಡೆಯೂ ಹಾಗೆಯೇ ಬರೆಸಿದ್ದೇನೆ. ಹಾಗೆ ಬರೆಸುವಾಗ ನನ್ನ ದನಿ ಯಾವತ್ತೂ ತಗ್ಗಿಲ್ಲ. ವೃತ್ತಿಯ ಅನುಭವ ಬರೆಯಿರಿ ಎಂದು ಈ ಪತ್ರಿಕೆಯವರು ಕೇಳಿದಾಗ ನಮ್ಮ ಮನೆಯವರು, "ಯಾವ ವೃತ್ತಿದು ಬರೀತೀಯ, ಒಲೆ ಮುಂದಿಂದೋ ಮೆಷಿನ್ ಮುಂದಿಂದೋ?" ಎಂದು ಚುಡಾಯಿಸಿದರು. ನಾನು ಬರೆಯುತ್ತಿರುವ ಪ್ರಕರಣದಲ್ಲಿ ಎರಡೂ ಇವೆ.

ನಮ್ಮವರು ರೈಲ್ವೆಯವರು. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಮದುವೆಯಾಗಿ ಈ ಊರಿಗೆ ಬಂದವಳು ನಾನು. ಗರಿಯಾಹಾಟ್ ಹತ್ತಿರ ಮನೆ. ಓದಿದ ಭೌತಶಾಸ್ತ್ರವನ್ನು ಹಾಲು ಉಕ್ಕದಂತೆ ನೋಡಿಕೊಳ್ಳುವುದಕ್ಕೆ ಮಾತ್ರ ಬಳಸುತ್ತ ಇದ್ದವಳಿಗೆ, ಪಕ್ಕದ ಮನೆಯ ಮೇಷ್ಟರೊಬ್ಬರ ಮೂಲಕ ಈ ಕೆಲಸ ಸಿಕ್ಕಿತು. ಕೊಡುತ್ತಿದ್ದ ಗೌರವಧನ ಓಡಾಟದ ಖರ್ಚಿಗೆ ಸರಿಹೋಗುತ್ತಿತ್ತು. ಆದರೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಆ ಹೊತ್ತು ಪೂರ್ತಿ ನನ್ನದೇ. ದೇವರು ದೊಡ್ಡದನ್ನು ಕೊಡದಿದ್ದಾಗ ಇಂಥ ಸಣ್ಣದನ್ನು ತಪ್ಪದೆ ಕೊಡುತ್ತಾನೆ. ಅದನ್ನು ಎಣಿಸಿಕೊಳ್ಳುವ ಅಭ್ಯಾಸ ನನಗಿದೆ.

ಆ ಸಭೆಯನ್ನು ಕಟ್ಟಿದವರು ಈಸ್ಟ್ ಇಂಡಿಯಾ ಕಂಪನಿ ಕಾಲದ ಹವ್ಯಾಸಿಗಳು. ಯಾರೂ ಪ್ರೊಫೆಸರರಲ್ಲ. ಒಬ್ಬ ಔಷಧಿ ಅಂಗಡಿಯವನು, ಒಬ್ಬ ಗಡಿಯಾರ ರಿಪೇರಿಯವನು, ಒಬ್ಬ ಸುಂಕದ ಕಟ್ಟೆಯ ಗುಮಾಸ್ತ. ವಿಲಾಯತಿಯಲ್ಲಿ ಹಬೆ ಯಂತ್ರಗಳು ಗಿರಣಿ ನಡೆಸುತ್ತಿವೆ, ಉಜ್ಜಿದ ಗಾಜಿನಿಂದ ಬೆಂಕಿಯ ಕಿಡಿ ಹಾರುತ್ತದೆ ಎಂಬ ಸುದ್ದಿ ಹಡಗಿನಲ್ಲಿ ಬರುತ್ತಿದ್ದ ಪತ್ರಿಕೆಗಳಲ್ಲಿ ಇರುತ್ತಿತ್ತು. ಇವರು ಅದರ ಚಿತ್ರ ನೋಡಿಕೊಂಡು, ಸಿಕ್ಕ ಸಾಮಾನಿನಲ್ಲಿ ಮನೆಯಲ್ಲೇ ಮಾಡಿ, ವಾರಕ್ಕೊಮ್ಮೆ ಸೇರಿ ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದರು. ಕೆಲವು ನಡೆಯುತ್ತಿದ್ದವು, ಹಲವು ನಡೆಯುತ್ತಿರಲಿಲ್ಲ. ನಡೆದವೂ ನಡೆಯದವೂ ಸೇರಿ ನಮ್ಮ ಗ್ಯಾಲರಿಯ ಎರಡು ಕೋಣೆಗಳಲ್ಲಿ ಇದ್ದವು.

ಅವುಗಳಲ್ಲಿ ದೊಡ್ಡದು ಸುಂಕದ ಗುಮಾಸ್ತ ಹರನಾಥ ಬಾಬು ಮಾಡಿದ ವಿದ್ಯುತ್ ಯಂತ್ರ. ಮರದ ಚೌಕಟ್ಟಿನಲ್ಲಿ ಮಡಕೆ ಗಾತ್ರದ ಗಾಜಿನ ಉರುಳೆ, ಅದಕ್ಕೆ ತಿರುಗಿಸುವ ಹಿಡಿ, ಒಂದು ಕಡೆ ಒತ್ತಿಕೊಂಡಿರುವ ಚರ್ಮದ ದಿಂಬು, ಇನ್ನೊಂದು ಕಡೆ ಹಿತ್ತಾಳೆಯ ಗುಂಡು. ಹಿಡಿ ತಿರುಗಿಸಿದರೆ ಗಾಜು ದಿಂಬಿಗೆ ಉಜ್ಜಿ ವಿದ್ಯುತ್ತು ಹುಟ್ಟುತ್ತದೆ. ಗುಂಡಿನ ಹತ್ತಿರ ಬೆರಳ ಗೆಣ್ಣು ತಂದರೆ ಚಟ್ ಎಂದು ನೀಲಿ ಕಿಡಿ ಹಾರುತ್ತದೆ.

ಅದರ ಪಕ್ಕದ ಕಪಾಟಿನಲ್ಲಿ ಇನ್ನೊಂದು ಇತ್ತು, ಯಾರೂ ನೋಡದ್ದು. ಎಲೆಕ್ಟ್ರೋಫೋರಸ್ ಎನ್ನುತ್ತಾರೆ. ಹೆಸರು ದೊಡ್ಡದು, ಸಾಮಾನು ಸಣ್ಣದು. ಅರಗನ್ನು ಕರಗಿಸಿ ರೊಟ್ಟಿಯ ಹಾಗೆ ಹುಯ್ದ ಒಂದು ಬಿಲ್ಲೆ. ಅದರ ಮೇಲಿಡಲು ರೇಷ್ಮೆ ದಾರಗಳಿಂದ ತೂಗುಬಿಟ್ಟ ಒಂದು ಹಿತ್ತಾಳೆ ತಟ್ಟೆ. ಬಿಲ್ಲೆಯನ್ನು ಉಣ್ಣೆ ಬಟ್ಟೆಯಿಂದ ಉಜ್ಜಿ, ತಟ್ಟೆ ಇಟ್ಟು, ತಟ್ಟೆಯನ್ನು ಒಮ್ಮೆ ಬೆರಳಿಂದ ಮುಟ್ಟಿ, ದಾರ ಹಿಡಿದು ಎತ್ತಿದರೆ ತಟ್ಟೆಯಿಂದ ಕಿಡಿ ಬರುತ್ತದೆ. ಮತ್ತೆ ಉಜ್ಜಬೇಕಾಗಿಲ್ಲ. ಇಟ್ಟು, ಮುಟ್ಟಿ, ಎತ್ತಿದರೆ ಮತ್ತೆ ಕಿಡಿ. ಹರನಾಥ ಬಾಬು ಮೊದಲು ಮಾಡಿದ್ದು ಇದನ್ನೇ. ಅರಗು ಕಚೇರಿಯ ಮುದ್ರೆ ಒತ್ತುವ ಅರಗು. ತಟ್ಟೆ ಅವನ ಹೆಂಡತಿ ಉಣ್ಣುತ್ತಿದ್ದ ತಟ್ಟೆ. ಅಂಚಿನಲ್ಲಿ ಬಂಗಾಳಿ ಅಕ್ಷರದಲ್ಲಿ ಅವಳ ಹೆಸರು ಕೆತ್ತಿತ್ತು: ಖಿರೋದಾ ದಾಸಿ. ನಮ್ಮ ಕಡೆ ಪಾತ್ರೆಗಳ ಮೇಲೆ ಹೆಸರು ಹಾಕಿಸುವುದಿಲ್ಲವೆ, ಹಾಗೆ. ದಾಸಿ ಎಂದರೆ ಆಳಲ್ಲ, ಆ ಕಾಲದ ಬಂಗಾಳಿ ಹೆಂಗಸರ ಹೆಸರಿನ ಕೊನೆಗೆ ಬರುತ್ತಿದ್ದ ಪದ. ಕಪಾಟಿನ ಚೀಟಿಯಲ್ಲಿ ಮಾತ್ರ ಹರನಾಥನ ಹೆಸರೊಂದೇ ಇತ್ತು. ನಾನು ಪ್ರಯೋಗ ತೋರಿಸುವಾಗಲೆಲ್ಲ ಖಿರೋದಾಳ ಹೆಸರು ಹೇಳಿಯೇ ಮುಂದೆ ಹೋಗುತ್ತಿದ್ದೆ. ಗಂಡ ತಟ್ಟೆಗೆ ತೂತು ಹಾಕಿ ದಾರ ಕಟ್ಟಿದ ಮೇಲೆ ಅವಳು ಯಾವುದರಲ್ಲಿ ಉಂಡಳೋ ಯಾರೂ ಬರೆದಿಟ್ಟಿಲ್ಲ.

ಆ ವರ್ಷದ ಜುಲೈನಲ್ಲಿ ಸಭೆಗೆ ಹೊಸ ಕಾರ್ಯದರ್ಶಿ ಬಂದ. ಅನಿರ್ಬಾನ್. ಹಳೆಯ ಕಾರ್ಯದರ್ಶಿಯವರ ಮಗ, ದಿಲ್ಲಿಯ ಹಾಸ್ಟೆಲುಗಳಲ್ಲಿ ಓದಿ ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದವನು. ಕೆಟ್ಟವನಲ್ಲ. ಸೋರುತ್ತಿದ್ದ ತಾರಸಿಗೆ ತನ್ನ ಕೈಯಿಂದಲೇ ದುಡ್ಡು ಕೊಟ್ಟು ಟಾರು ಹಾಕಿಸಿದ. ಆದರೆ ಅವನಿಗೆ ಒಂದೇ ಹಂಬಲ. ಗ್ಯಾಲರಿಯಲ್ಲಿ ಟಚ್ ಸ್ಕ್ರೀನ್ ಹಾಕಬೇಕು; ಬೆರಳು ಇಟ್ಟರೆ ಯಂತ್ರದ ಚಿತ್ರ ಬಂದು, ಕಿಡಿ ಹಾರಿ, ಇಂಗ್ಲಿಷಿನಲ್ಲಿ ವಿವರಣೆ ಕೇಳಬೇಕು. ಅವನ ಕಂಪನಿಯೇ ಸ್ಕ್ರೀನುಗಳನ್ನು ಕೊಡಲು ಒಪ್ಪಿತ್ತು. ಎರಡು ಕೋಣೆಗಳನ್ನೂ ಖಾಲಿ ಮಾಡಿಕೊಡಬೇಕು, ಅಷ್ಟೆ.

"ಯಂತ್ರಗಳನ್ನೇನು ಮಾಡ್ತೀಯಪ್ಪಾ?" ಎಂದು ಕೇಳಿದೆ.

"ರಾಜಾರ್‌ಹಾಟ್‌ನಲ್ಲಿ ಗೋದಾಮು ಇದೆ ಮಾಸಿಮಾ. ಜೋಪಾನವಾಗಿರ್ತವೆ."

ಮಾಸಿಮಾ, ಅಂದರೆ ಚಿಕ್ಕಮ್ಮ, ಎಂದು ಕರೆದು ಹೀಗೆ ಹೇಳಿದ. ಆ ಗೋದಾಮನ್ನು ನಾನು ನೋಡಿದ್ದೆ. ಜೌಗು ನೆಲ ತುಂಬಿಸಿ ಎಬ್ಬಿಸಿದ ತಗಡಿನ ಶೆಡ್ಡು. ಅಲ್ಲಿ ಒಂದು ಮಳೆಗಾಲ ಕಳೆದರೆ ಮರ ಉಬ್ಬಿ, ಚರ್ಮ ಬೂಷ್ಟು ಹಿಡಿದು, ಎಲ್ಲ ಮುಗಿಯಿತು.

"ಇಲ್ಲೇ ಇರಲಿ" ಎಂದೆ.

"ಅದು ನಡೆಯೋದೇ ಇಲ್ಲವಲ್ಲ. ನಾನು ಬಂದಾಗಿಂದ ಒಂದು ಕಿಡಿ ನೋಡಿಲ್ಲ. ಸತ್ತ ಯಂತ್ರಕ್ಕಿಂತ ಬದುಕಿರೋ ಸ್ಕ್ರೀನ್ ಮೇಲಲ್ಲವಾ?"

ಅವನ ಮಾತು ಪೂರ್ತಿ ಸುಳ್ಳಲ್ಲ. ಈ ಬಗೆಯ ವಿದ್ಯುತ್ತಿಗೆ ತೇವವೇ ಶತ್ರು. ಜೂನಿನಿಂದ ಅಕ್ಟೋಬರಿನವರೆಗೆ ಕೋಲ್ಕತ್ತದ ಗಾಳಿಯನ್ನು ಹಿಂಡಿದರೆ ನೀರು ಬರುತ್ತದೆ. ನಾವು ಯಂತ್ರ ತಿರುಗಿಸುತ್ತಿದ್ದುದು ಚಳಿಗಾಲದಲ್ಲಿ ಮಾತ್ರ.

"ಕಂಪನಿಯವರು ಬಂದ ದಿನ ನಡೆಸಿ ತೋರಿಸ್ತೀನಿ. ನಡೆದರೆ ಕೋಣೆಗಳು ಯಂತ್ರಕ್ಕೆ. ನಡೆಯದಿದ್ದರೆ ನಾನೇ ಹೊತ್ತುಕೊಂಡು ಬಂದು ಗೋದಾಮಿಗೆ ಹಾಕ್ತೀನಿ."

ಅನಿರ್ಬಾನ್ ನಕ್ಕ. "ಯಾವಾಗ ಮಾಸಿಮಾ?"

ಮನೆಗೆ ಬಂದು ಗೋಡೆಯ ಕ್ಯಾಲೆಂಡರ್ ನೋಡಿದೆ. ಅದು ಅಣ್ಣ ಪ್ರತಿವರ್ಷ ಮೈಸೂರಿನಿಂದ ಕಳಿಸುವ ಪಂಚಾಂಗದ ಕ್ಯಾಲೆಂಡರ್. ಸೆಪ್ಟೆಂಬರ್ ಮೂರನೆಯ ವಾರದಲ್ಲಿ ಒಂದು ದಿನ ಖಾಲಿ ಕಂಡಿತು. ಕೆಳಗೆ ಸಣ್ಣಕ್ಷರದಲ್ಲಿ ಕನ್ಯಾ ಸಂಕ್ರಮಣ ಎಂದಿತ್ತು. ನಮ್ಮ ಮನೆಯಲ್ಲಿ ಮಾಡುವ ಹಬ್ಬವಿಲ್ಲ, ವ್ರತವಿಲ್ಲ, ನಮ್ಮವರಿಗೆ ಟೂರೂ ಇಲ್ಲ. ಅದನ್ನೇ ಹೇಳಿದೆ. ಅನಿರ್ಬಾನ್ ತನ್ನ ಕಂಪನಿಯವರಿಗೆ ಅದನ್ನೇ ತಿಳಿಸಿದ.

ಗ್ಯಾಲರಿಯಲ್ಲಿ ನನ್ನ ಜೊತೆ ಇದ್ದವನು ನಿಮಾಯ್‌ದಾ. ಯಂತ್ರಗಳ ಎಣ್ಣೆ, ಸ್ಕ್ರೂ, ಬೀಗ ಎಲ್ಲ ಅವನ ಪಾಲು. ನನಗೆ ಅವನು ದಾ, ಅಂದರೆ ಅಣ್ಣ; ಅವನಿಗೆ ನಾನು ಬೌದಿ, ಅಂದರೆ ಅತ್ತಿಗೆ. ಇಬ್ಬರೂ ಸೇರಿ ಆಗಸ್ಟ್ ಪೂರ್ತಿ ಆ ಯಂತ್ರದ ಹಿಂದೆ ಬಿದ್ದೆವು. ಚರ್ಮದ ದಿಂಬು ಹೊಸದಾಗಿ ಹೊಲಿಸಿದೆವು. ಗಾಜಿನ ಪಕ್ಕ ದೊಡ್ಡ ಬಲ್ಬು ಉರಿಸಿ ಬಿಸಿ ಮಾಡಿದೆವು. ಉರುಳೆಯ ಮೇಲೆ ಹೊದಿಸುವ ರೇಷ್ಮೆಯ ಸೆರಗು, ಉಣ್ಣೆ ಬಟ್ಟೆ, ಅರಗಿನ ಬಿಲ್ಲೆ ಇವು ತೇವ ಎಳೆಯದಂತೆ ಇಡುವುದು ಹೇಗೆ ಎಂಬುದಕ್ಕೆ ನಮ್ಮ ಅಡಿಗೆಮನೆಯೇ ಉತ್ತರ ಕೊಟ್ಟಿತು. ಉಪ್ಪಿನ ಡಬ್ಬಿಗೆ ಅಕ್ಕಿ ಹಾಕಿಡುತ್ತೇವಲ್ಲ. ಅಕ್ಕಿಯನ್ನು ಬಾಣಲೆಯಲ್ಲಿ ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ, ಚಪಾತಿ ಇಡುವ ಹಾಟ್‌ಕೇಸಿನ ತಳಕ್ಕೆ ಹಾಕಿ, ಮೇಲೆ ಈ ಸಾಮಾನುಗಳನ್ನಿಟ್ಟು ಮುಚ್ಚಳ ಬಿಗಿದೆ. ಮಗಳು ಊಟಕ್ಕೆ ಕೂತು ಮುಚ್ಚಳ ತೆಗೆದು, "ಅಮ್ಮಾ, ವಾಟ್ ಈಸ್ ದಿಸ್, ಸ್ವೆಟರ್?" ಎಂದಳು.

ಹೇಳಿದ ದಿನಕ್ಕೆ ಎರಡು ದಿನ ಇರುವಾಗ ಗುಂಡಿನಿಂದ ಕಿಡಿ ಹಾರಿತು. ನಿಮಾಯ್‌ದಾ ಬೆರಳು ಜಾಡಿಸಿಕೊಂಡು, "ಬೌದಿ, ಮುದುಕ ಎದ್ದು ಕೂತ" ಎಂದ. ನಾನು ಮನಸ್ಸಿನಲ್ಲೇ ಚಾಮುಂಡಿಗೂ ದಕ್ಷಿಣೇಶ್ವರದ ತಾಯಿಗೂ ಕೈಮುಗಿದೆ. ಇಬ್ಬರಲ್ಲಿ ಯಾರು ಕೇಳಿಸಿಕೊಂಡರೋ ತಿಳಿಯದ ಕಡೆ ಇಬ್ಬರಿಗೂ ಹೇಳಿಬಿಡುವುದು ವಾಸಿ.

ಆ ದಿನ ಬಂತು. ಹಾಟ್‌ಕೇಸ್ ಕಂಕುಳಲ್ಲಿಟ್ಟುಕೊಂಡು ಬಸ್ಸಿಗೆ ನಿಂತೆ. ಬಸ್ಸು ಬರಲಿಲ್ಲ. ರಸ್ತೆಯಲ್ಲಿದ್ದ ಆಟೋಗಳೆಲ್ಲ ಹೂವಿನ ಹಾರ ಹಾಕಿಕೊಂಡು ಸಾಲಾಗಿ ನಿಂತಿದ್ದವು. ಮೂಲೆಯ ಗ್ಯಾರೇಜಿನಲ್ಲಿ ಆನೆಯ ಮೇಲೆ ಕೂತ ದೇವರ ವಿಗ್ರಹ, ಎದುರಿಗೆ ಸ್ಪ್ಯಾನರುಗಳ ರಾಶಿ. ತಾರಸಿಗಳ ಮೇಲೆಲ್ಲ ಗಾಳಿಪಟ. ನನಗೆ ಆಗ ಹೊಳೆಯಿತು. ಇವತ್ತು ವಿಶ್ವಕರ್ಮ ಪೂಜೆ.

ಈ ಊರಿನಲ್ಲಿ ಹದಿನೆಂಟು ವರ್ಷ ಇದ್ದವಳಿಗೆ ಆ ಹಬ್ಬ ಗೊತ್ತಿಲ್ಲದೆ ಏನಲ್ಲ. ಆದರೆ ನನ್ನ ತಲೆಯಲ್ಲಿ ಯಂತ್ರಗಳ ಪೂಜೆ ಎಂದರೆ ನವರಾತ್ರಿಯ ಆಯುಧಪೂಜೆ. ಅದು ಇನ್ನೂ ಮುಂದಿತ್ತು. ಇಲ್ಲಿಯವರಿಗೆ ಅದು ಭಾದ್ರ ಮಾಸದ ಕೊನೆಯ ದಿನ. ಆ ದಿನ ಉಪಕರಣಗಳನ್ನು ತೊಳೆದು, ಸಿಂಧೂರ ಹಚ್ಚಿ, ದೇವರ ಮುಂದಿಡುತ್ತಾರೆ. ಮಾರನೆಯ ದಿನದವರೆಗೆ ಮುಟ್ಟುವುದಿಲ್ಲ. ಮೈಸೂರಿನ ಕ್ಯಾಲೆಂಡರಿಗೆ ಇದೆಲ್ಲ ಯಾಕೆ ಗೊತ್ತಿರಬೇಕು? ದಿಲ್ಲಿಯಲ್ಲಿ ಬೆಳೆದ ಅನಿರ್ಬಾನನಿಗೂ ದಿನ ಗೊತ್ತುಮಾಡುವಾಗ ಹೊಳೆದಿರಲಿಲ್ಲ.

ಸಿಕ್ಕಿದ್ದನ್ನು ಹತ್ತಿ ಮೂರು ಕಡೆ ಬದಲಾಯಿಸಿ, ಅರ್ಧ ದಾರಿ ನಡೆದು ಗ್ಯಾಲರಿ ತಲುಪಿದೆ. ಬಾಗಿಲಲ್ಲೇ ಧೂಪದ ಹೊಗೆ. ನಿಮಾಯ್‌ದಾ ಹೊಸ ಪಂಚೆ ಉಟ್ಟು ನಿಂತಿದ್ದ. ಯಂತ್ರದ ಕೊರಳಿಗೆ ಗೊಂಡೆ ಹೂವಿನ ಹಾರ. ಗಾಜಿನ ಉರುಳೆಯ ಮೇಲೆ ಸಾಸಿವೆ ಎಣ್ಣೆಯಲ್ಲಿ ಕಲಸಿದ ಸಿಂಧೂರದ ದೊಡ್ಡ ಸ್ವಸ್ತಿಕ. ಹಿತ್ತಾಳೆ ಗುಂಡಿಗೂ ಒಂದು ಬೊಟ್ಟು.

"ನಿಮಾಯ್‌ದಾ, ಇವತ್ತು ಯಂತ್ರ ತಿರುಗಿಸಬೇಕಲ್ಲ."

"ಇವತ್ತಾ?" ಅವನು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದ. "ಕಂಪನಿಯವರನ್ನ ಪೂಜೆಗೆ ಕರೆದಿದೀರಿ ಅಂದುಕೊಂಡೆ ಬೌದಿ. ಪ್ರಸಾದಕ್ಕೆ ಲಾಡೂನೂ ತಂದಿಟ್ಟಿದೀನಿ."

ಅಷ್ಟರಲ್ಲಿ ಅನಿರ್ಬಾನ್ ಬಂದ. ನೋಡಿದ. ಜೇಬಿನಿಂದ ಕರವಸ್ತ್ರ ತೆಗೆದು ನನ್ನ ಕೈಗೆ ಕೊಟ್ಟ. "ಒರೆಸಿಬಿಡಿ ಮಾಸಿಮಾ. ಅರ್ಧ ಗಂಟೆ ಬಲ್ಬು ಹಚ್ಚಿದರೆ ಒಣಗುತ್ತೆ."

ಅವನು ಹೇಳಿದ್ದು ಭೌತಶಾಸ್ತ್ರದ ಪ್ರಕಾರ ಸರಿ. ಎಣ್ಣೆ ಇರುವ ಗಾಜಿನಲ್ಲಿ ವಿದ್ಯುತ್ತು ನಿಲ್ಲುವುದಿಲ್ಲ. ಒರೆಸಿ ಒಣಗಿಸಿದರೆ ನಿಂತರೂ ನಿಂತೀತು. ನಿಮಾಯ್‌ದಾ ಗೋಡೆಯ ಕಡೆ ತಿರುಗಿ ನಿಂತ.

ಕರವಸ್ತ್ರ ಹಿಂದಕ್ಕೆ ಕೊಟ್ಟೆ. "ಹಚ್ಚಿದ ಸಿಂಧೂರ ನಾನು ಒರೆಸಲ್ಲ."

"ನೀವು ಸೈನ್ಸ್ ಓದಿದವರು."

"ಹೌದಪ್ಪ. ಅದಕ್ಕೇ ಇದು ನಡೆದಿದ್ದು. ಇವತ್ತು ಇದಕ್ಕೆ ರಜ."

"ಹಾಗಾದರೆ ಕೋಣೆ ಖಾಲಿ ಮಾಡಬೇಕಾಗುತ್ತೆ. ಮಾತು ನಿಮ್ಮದೇ."

"ಗೊತ್ತು" ಎಂದೆ. ಗೊತ್ತಿತ್ತು. ಆದರೂ ಕೈ ಮುಂದೆ ಹೋಗಲಿಲ್ಲ. ಒಂದು ದಿನದ ವಿಶ್ರಾಂತಿಯನ್ನು ಕಿತ್ತುಕೊಂಡು ಉಳಿಸಿದ ಯಂತ್ರವನ್ನು ನಾಳೆಯಿಂದ ನಾನು ಯಾವ ಮುಖ ಇಟ್ಟುಕೊಂಡು ತಿರುಗಿಸಲಿ?

ಕಂಪನಿಯವರು ಒಂದೂವರೆ ಗಂಟೆ ತಡವಾಗಿ ಬಂದರು. ಗಟ್ಟಿ ದನಿಯ ಒಬ್ಬ ಮೇಡಂ, ಮುಂಬಯಿಯವರು. ಜೊತೆಗೆ ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಒಬ್ಬ ಎಂಜಿನಿಯರ್. ಮೇಡಂ ಬೆವರು ಒರೆಸಿಕೊಳ್ಳುತ್ತ ಹಿಂದಿಯಲ್ಲಿ, "ಡ್ರೈವರ್ ಇವತ್ತು ಕೀ ಮುಟ್ಟಲ್ಲ ಅಂದ. ನಡಕೊಂಡು ಬಂದ್ವಿ" ಎಂದರು. ಯಂತ್ರದ ಮುಂದೆ ನಿಂತು, "ಚೆನ್ನಾಗಿದೆ. ನಡೆಸಿ" ಎಂದರು.

"ಇವತ್ತು ನಡೆಸಲ್ಲ ಮೇಡಂ. ನಾಳೆ ಹನ್ನೊಂದಕ್ಕೆ ಬನ್ನಿ."

"ನನಗೆ ಇವತ್ತು ರಾತ್ರಿ ಫ್ಲೈಟ್."

"ಯಂತ್ರ ನಾಳೆಯೂ ಇರುತ್ತೆ. ಕಂಪನಿ ಕಾಲದಿಂದ ಇದೆ."

ಅನಿರ್ಬಾನ್ ಇಂಗ್ಲಿಷಿನಲ್ಲಿ ನನ್ನ ಪರವಾಗಿ ಕ್ಷಮೆ ಕೇಳತೊಡಗಿದ. ಇಲ್ಲಿಯವರ ಮೂಢನಂಬಿಕೆ, ವಯಸ್ಸಾದವರು, ಇತ್ಯಾದಿ. ನಾನು ಅವನ ಮಾತು ಮುಗಿಯುವವರೆಗೆ ಕಾದೆ.

"ನಿಮ್ಮ ಆಫೀಸಿನ ಜನರೇಟರಿಗೆ ಇವತ್ತು ಹಾರ ಹಾಕಿದಾರಾ ಇಲ್ವಾ, ಅಷ್ಟು ಹೇಳಪ್ಪ."

ಎಂಜಿನಿಯರ್ ಹುಡುಗನೇ ಬಾಯಿಬಿಟ್ಟ: "ಹಾಕಿದಾರೆ. ಸರ್ವರ್ ರೂಮಿಗೂ. ತೆಂಗಿನಕಾಯಿ ಒಡೆದಿದ್ದು ಅನಿರ್ಬಾನ್ ಸಾರೇ, ಮ್ಯಾನೇಜರ್ ಅಲ್ವಾ." ಮೇಡಂ ಮೊದಲ ಸಲ ನಕ್ಕರು. ಅನಿರ್ಬಾನ್, "ಅದು ಜನರ ಖುಷಿಗೆ" ಎಂದ. "ಇದೂ ಅಷ್ಟೇ ಅಂದುಕೋ" ಎಂದೆ.

ಮೇಡಂ ಗಡಿಯಾರ ನೋಡಿಕೊಂಡರು. "ಅಂದರೆ ನೋಡೋಕೆ ಏನೂ ಇಲ್ಲ."

ಆಗ ನನ್ನ ಕಣ್ಣು ಕಪಾಟಿನ ಮೇಲೆ ಬಿತ್ತು. ಒಳಗೆ ಖಿರೋದಾಳ ತಟ್ಟೆ ಬರಿದಾಗಿ ಕೂತಿತ್ತು. ಹೂವಿಲ್ಲ, ಬೊಟ್ಟಿಲ್ಲ. ಎರಡು ಕೋಣೆಗಳ ಸುತ್ತಿಗೆ, ಚಿಮಟ, ಬೀಗ, ಕೀಲೆಣ್ಣೆಯ ಡಬ್ಬಿಗೂ ಸಿಂಧೂರ ಬಿದ್ದಿತ್ತು. ಅದಕ್ಕೆ ಮಾತ್ರ ಬಿದ್ದಿರಲಿಲ್ಲ. ಹಿಂದಿನ ವಾರವೇ ಅನಿರ್ಬಾನ್, "ಆ ತಟ್ಟೆ ತೆಗೆಯಬೇಡಿ ಮಾಸಿಮಾ, ಅಡಿಗೆಮನೆ ಅಂದುಕೊಂಡಾರು" ಎಂದಿದ್ದ. ಬಿಲ್ಲೆ ಮಾತ್ರ ನನ್ನ ಹಾಟ್‌ಕೇಸಿನಲ್ಲೇ ಉಳಿದಿತ್ತು.

"ನಿಮಾಯ್‌ದಾ, ಇದಕ್ಕೆ ಯಾಕೆ ಹಚ್ಚಲಿಲ್ಲ?"

"ಅದು ಥಾಲಾ ಬೌದಿ. ಊಟದ ತಟ್ಟೆ. ಅದು ಯಂತ್ರ ಹೇಗಾಗುತ್ತೆ?"

"ಹಾಗಾದರೆ ಅದನ್ನ ಮುಟ್ಟಬಹುದು?"

ಅವನು ಯೋಚಿಸಿದ. ನಿಯಮದ ವಿಷಯದಲ್ಲಿ ಅವನು ಬಹಳ ಕಟ್ಟುನಿಟ್ಟು. "ತಟ್ಟೆ ಮುಟ್ಟದೆ ಯಾರು ಉಣ್ತಾರೆ? ಮುಟ್ಟಿ."

ನನಗೆ ಸಂತೋಷಕ್ಕಿಂತ ಮೊದಲು ಸಿಟ್ಟು ಬಂತು. ಪೂಜೆಗೂ ಬೇಡವಾದದ್ದು, ಪ್ರದರ್ಶನಕ್ಕೂ ಬೇಡವಾದದ್ದು, ಚೀಟಿಯಲ್ಲಿ ಹೆಸರಿಲ್ಲದ್ದು. ಆ ಸಿಟ್ಟಿನಲ್ಲೇ ಕಪಾಟು ತೆಗೆದೆ, ಕಿಟಕಿಗಳನ್ನು ಮುಚ್ಚಿಸಿದೆ. ಹಾಟ್‌ಕೇಸಿನ ಮುಚ್ಚಳ ತೆಗೆದು ಬೆಚ್ಚಗಿದ್ದ ಬಿಲ್ಲೆಯನ್ನು ಮೇಜಿನ ಮೇಲಿಟ್ಟು, ಉಣ್ಣೆಯಿಂದ ಕೈ ನೋಯುವಷ್ಟು ಉಜ್ಜಿ, ತಟ್ಟೆ ಇಟ್ಟು, ಎತ್ತಿ ಮೇಡಂ ಕೈಯ ಹತ್ತಿರ ಹಿಡಿದೆ.

ಏನೂ ಆಗಲಿಲ್ಲ.

"ಪವರ್ ಕಟ್ಟಾ ಆಂಟಿ?" ಎಂದ ಎಂಜಿನಿಯರ್.

ಅವಸರದಲ್ಲಿ ಬೆರಳಿಂದ ಮುಟ್ಟುವುದನ್ನೇ ಬಿಟ್ಟಿದ್ದೆ. ಹಾಲಿಗೆ ಹೆಪ್ಪು ಹಾಕದೆ ಮೊಸರಿಗೆ ಕಾದ ಹಾಗೆ. ತೇವಕ್ಕೆ ಬಲ ಇಳಿದಿದ್ದೀತೆಂದು ಬಿಲ್ಲೆಯನ್ನು ಮತ್ತೊಮ್ಮೆ ಉಜ್ಜಿ, ತಟ್ಟೆ ಇಟ್ಟೆ. ಮುಟ್ಟಿದೆ. ದಾರ ಹಿಡಿದು ಎತ್ತಿದೆ. ಆ ದಾರ ನನ್ನ ಮದುವೆಯ ಸೀರೆಯ ಅಂಚಿನಿಂದ ಎಳೆದ ರೇಷ್ಮೆ, ಹಳೆಯ ದಾರ ಲಡ್ಡಾಗಿದ್ದಕ್ಕೆ ನಾನೇ ಕಟ್ಟಿದ್ದು.

ಚಟ್.

"ಅರೆ" ಎಂದು ಮೇಡಂ ಕೈ ಎಳೆದುಕೊಂಡರು. ಆಮೇಲೆ ತಾವಾಗಿ ಮತ್ತೆ ಚಾಚಿದರು. ಇಟ್ಟೆ, ಮುಟ್ಟಿದೆ, ಎತ್ತಿದೆ. ಮತ್ತೆ ಕಿಡಿ. ಆ ಎಂಜಿನಿಯರ್ ಹುಡುಗ ಸರದಿಗೆ ನಿಂತ. ಅನಿರ್ಬಾನ್ ಕೂಡ ಬೆರಳು ತಂದ. ಆ ಕಿಡಿ ಎಲ್ಲಕ್ಕಿಂತ ಜೋರಾಗಿತ್ತು. ನಾನು ಬೇಕೆಂದು ಮಾಡಿದ್ದಲ್ಲ. ಹೊರಗೆ ತಾರಸಿಯ ಹುಡುಗರು ಯಾರದೋ ಗಾಳಿಪಟ ಕತ್ತರಿಸಿ "ಭೋ ಕಾಟ್ಟಾ" ಎಂದು ಕೂಗಿದ್ದು ಅದೇ ಹೊತ್ತಿಗೆ ಕೇಳಿಸಿತು. ನಿಮಾಯ್‌ದಾ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕ.

"ಈ ಹೆಸರು ಯಾರದು?" ಎಂದು ಮೇಡಂ ತಟ್ಟೆಯ ಅಂಚು ತೋರಿಸಿದರು.

"ಖಿರೋದಾ ದಾಸಿ. ಅಲ್ಲಿ ಹಾರ ಹಾಕಿಕೊಂಡು ಕೂತಿರೋ ಯಂತ್ರದ ಯಜಮಾನನ ಹೆಂಡತಿ. ಇದು ಅವಳು ಉಣ್ಣುತ್ತಿದ್ದ ತಟ್ಟೆ. ಇಡೀ ಮನೆಗೆ ರಜ ಇರೋ ದಿನ ಕೆಲಸ ಮಾಡ್ತಿರೋದು ಇದೊಂದೇ."

ಮೇಡಂ ಕುರ್ಚಿ ಎಳೆದುಕೊಂಡು ಕೂತರು. ಲಾಡು ತಿಂದರು. "ನಮ್ಮ ಮನೇಲೂ ಅಷ್ಟೇ" ಎಂದರು. ಫ್ಲೈಟಿನ ಮಾತು ಆಮೇಲೆ ಬಹಳ ಹೊತ್ತು ಬರಲಿಲ್ಲ. ಹೊರಡುವಾಗ ಅನಿರ್ಬಾನನಿಗೆ ಅವರು ಹೇಳಿದ್ದು ಇಷ್ಟು: "ಸ್ಕ್ರೀನ್ ಮೆಟ್ಟಿಲ ಹತ್ತಿರ ಹಾಕೋಣ. ಕೋಣೆ ಮುಟ್ಟಬೇಡ." ನಾನು ಹಿಂದಿನಿಂದ, "ಸ್ಕ್ರೀನಿನಲ್ಲಿ ಅವಳ ಹೆಸರೂ ಇರಬೇಕು" ಎಂದೆ. ಅನಿರ್ಬಾನ್, "ಆಯ್ತು ಮಾಸಿಮಾ, ಇನ್ನೇನಾದರೂ ಇದೆಯಾ?" ಎಂದ. "ಇದ್ದರೆ ನಾಳೆ ಹೇಳ್ತೀನಿ" ಎಂದೆ.

ಮಾರನೆಯ ದಿನ ಹನ್ನೊಂದಕ್ಕೆ ನಿಮಾಯ್‌ದಾ ಕೈಯಾರೆ ಸಿಂಧೂರ ಇಳಿಸಿ, ಗಾಜು ಒಣಗಿಸಿ, ಹಿಡಿ ತಿರುಗಿಸಿದ. ದೊಡ್ಡ ನೀಲಿ ಕಿಡಿ. ನೋಡಲು ನಾವಿಬ್ಬರೇ. ಅದೂ ನನ್ನ ಎಣಿಕೆಯಲ್ಲಿ ಸೇರಿದೆ.

ಮುಂದಿನ ವರ್ಷ ಅದೇ ಪೂಜೆಯ ಬೆಳಿಗ್ಗೆ ನಿಮಾಯ್‌ದಾ ಸಿಂಧೂರದ ಬಟ್ಟಲು ಹಿಡಿದು ಒಂದೊಂದಕ್ಕೂ ಹಚ್ಚುತ್ತ ಬಂದ. ಕಪಾಟಿನ ಹತ್ತಿರ ನಾನು ಅಡ್ಡ ನಿಂತೆ.

"ಇದಕ್ಕೂ."

"ಬೌದಿ, ಅಡಿಗೆಮನೆಯದಕ್ಕೆ ಬೇರೆ ಪೂಜೆ ಇದೆ. ಇವತ್ತೇ. ನಮ್ಮ ಮನೇಲಿ ಒಲೆ ಹಚ್ಚಲ್ಲ. ನಿನ್ನೆ ಮಾಡಿದ ತಂಗಳು ಊಟ. ಒಲೆಗೇ ಪೂಜೆ, ಮನೆಯವಳಿಗೂ ರಜ."

ಅಷ್ಟು ವರ್ಷ ಈ ಊರಿನಲ್ಲಿದ್ದೂ ಈ ಒಂದು ಕೃಪೆ ನನ್ನ ಕಣ್ಣು ತಪ್ಪಿಸಿತ್ತು.

"ಇದು ಅಡಿಗೆಮನೆ ಬಿಟ್ಟು ಬಂದು ಬಹಳ ಕಾಲ ಆಯಿತು ನಿಮಾಯ್‌ದಾ. ಅಲ್ಲಿ ಸೇರಲ್ಲ, ಇಲ್ಲಿ ಸೇರಲ್ಲ ಅಂದರೆ ಇದು ಯಾವಾಗ ಕೂರಬೇಕು?"

ಅವನು ಬಟ್ಟಲಲ್ಲಿ ಬೆರಳದ್ದಿ, ಹೆಸರು ಮುಚ್ಚದಂತೆ ಪಕ್ಕಕ್ಕೆ ಸರಿಸಿ, ತಟ್ಟೆಯ ಅಂಚಿಗೆ ಒಂದು ಬೊಟ್ಟಿಟ್ಟ.

ಅದರ ಮುಂದಿನ ವರ್ಷ ನಮ್ಮ ಮನೆಯಲ್ಲೂ ಶುರುಮಾಡಿದೆ. ಹಿಂದಿನ ದಿನವೇ ಚಿತ್ರಾನ್ನ, ಕೋಸಂಬರಿ, ಮೊಸರನ್ನ ಮಾಡಿಟ್ಟು, ಬೆಳಿಗ್ಗೆ ಎದ್ದು ಗ್ಯಾಸ್ ಒಲೆ ತೊಳೆದು ಕುಂಕುಮ ಹಚ್ಚಿದೆ. ನಮ್ಮವರು ಅಡಿಗೆಮನೆ ಬಾಗಿಲಲ್ಲಿ ನಿಂತು, "ಕಾಫೀನೂ ಇಲ್ವೇನೇ?" ಎಂದರು. "ಮೂಲೆ ಅಂಗಡೀಲಿ ಚಹಾ ಕುಡೀರಿ. ಒಲೆಗೆ ರಜ" ಎಂದೆ. ಮಗಳು, "ಕೂಲ್, ಅಮ್ಮಾ" ಎಂದಳು. ಹೊಗಳಿದ್ದೋ ತಂಗಳಿಗೆ ಹೇಳಿದ್ದೋ, ಕೇಳಲು ಹೋಗಲಿಲ್ಲ.

ಆ ಕೆಲಸದಲ್ಲಿ ನಾನು ಇನ್ನೂ ಹಲವು ವರ್ಷ ಇದ್ದೆ. ವಿದ್ಯುತ್ತಿನ ವಿಷಯಕ್ಕಿಂತ ಹೆಚ್ಚಾಗಿ ಅಲ್ಲಿ ಕಲಿತದ್ದು ಒಂದು. ಮೈಮುರಿದು ದುಡಿಯುವ ವಸ್ತುವಿಗೂ ಮನುಷ್ಯರಿಗೂ ಎರಡು ಸಲ್ಲಬೇಕು: ಹೆಸರು, ಮತ್ತು ಒಂದು ದಿನದ ವಿಶ್ರಾಂತಿ. ಯಾರೂ ತಾವಾಗಿ ತಂದು ಕೊಡದಿದ್ದರೆ ಬಾಗಿಲಿಗೆ ಅಡ್ಡ ನಿಂತು ಕೇಳಬೇಕು. ಕೇಳಿದ್ದರಿಂದ ನನ್ನ ಭಕ್ತಿಯೂ ಕಡಿಮೆಯಾಗಲಿಲ್ಲ, ವಿಜ್ಞಾನವೂ ಕಡಿಮೆಯಾಗಲಿಲ್ಲ.

ನಾನು ಬಿಡುವ ವರ್ಷ ಶಾಲೆಯೊಂದರಿಂದ ಫೋನ್ ಬಂತು. ನಾಳೆ ಮಕ್ಕಳನ್ನು ಕರೆತರುತ್ತೇವೆ, ಯಂತ್ರ ನಡೆಸಬೇಕು, ಅದಾಗದಿದ್ದರೆ ಆ ತಟ್ಟೆಯಾದರೂ ತೋರಿಸಿ ಎಂದರು. ನಾಳೆ ಭಾದ್ರದ ಕೊನೆಯ ದಿನ. ಈಗ ನಮ್ಮ ಗೋಡೆಯ ಮೇಲೆ ಎರಡು ಕ್ಯಾಲೆಂಡರ್ ಇರುತ್ತವೆ, ಮೈಸೂರಿನದೊಂದು, ಬಂಗಾಳದ್ದೊಂದು.

"ನಾಳೆ ತಟ್ಟೆಗೂ ರಜ" ಎಂದೆ. "ನಾಡಿದ್ದು ಬನ್ನಿ."